ಸಂಭಾವನೆಯಿಲ್ಲದ ಮಾತು

ಡಾ. ರಾಜ್‌ಕುಮಾರ್ 200ಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದರು. ಆದರೆ ಒಂದು ಸರಕಿನ ಪರವಾಗಿ ಅವರು ಜನರ ಮುಂದೆ ನಿಂತದ್ದು ನಂದಿನಿ ಹಾಲಿನ ಜಾಹೀರಾತಿನಲ್ಲಿ ಮಾತ್ರ. ರೈತರ ಸಂಸ್ಥೆ ಎಂಬ ಕಾರಣಕ್ಕೆ ಅದಕ್ಕೂ ಅವರು ಸಂಭಾವನೆ ಪಡೆಯಲಿಲ್ಲ. ಅವರು ಹೂಂ ಎಂದಿದ್ದರೆ ಸೋಪಿನವರು, ಸೀರೆಯವರು, ಸಿಮೆಂಟಿನವರು ಕೇಳಿದಷ್ಟು ಸುರಿಯಲು ಹಿಂಜರಿಯುತ್ತಿರಲಿಲ್ಲ. ಕನ್ನಡದ ಟಿ.ವಿ. ಜಾಹೀರಾತುಗಳ ಚರಿತ್ರೆಯನ್ನು ಯಾರಾದರೂ ಬರೆಯಲು ಕೂತರೆ, ಈ ಒಂದು ಜಾಹೀರಾತನ್ನು ಇನ್ನುಳಿದವುಗಳ ಸಾಲಿನಲ್ಲಿ ಇಡಬೇಕೋ ಬೇರೆಯಾಗಿಯೇ ಇಡಬೇಕೋ ಎಂಬುದು ಮೊದಲ ತೊಡಕಾದೀತು.

ಬಹುಕಾಲ ಇದು ನನಗೆ ಒಂದು ಒಳ್ಳೆಯ ಕಥೆಯಷ್ಟೇ ಆಗಿತ್ತು. ಜಯನಗರದ ಶಾಲೆಯೊಂದರಲ್ಲಿ ಕನ್ನಡ ಪಾಠ ಮಾಡುತ್ತಿದ್ದಾಗ, ನಿಸ್ವಾರ್ಥಕ್ಕೆ ಉದಾಹರಣೆ ಬೇಕಾದಾಗಲೆಲ್ಲ ಮಕ್ಕಳಿಗೆ ಇದನ್ನು ಹೇಳುತ್ತಿದ್ದೆ. ಅದರೊಳಗೆ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಅಡಗಿವೆ ಎಂದು ಹೊಳೆದದ್ದು ನಿವೃತ್ತಿಯಾಗಿ ಎಷ್ಟೋ ಕಾಲದ ಮೇಲೆ. ಆ ಪಾಠ ಕೇಳಿದ್ದ ಹುಡುಗನೇ ಬಂದು ಅವನ್ನು ನನ್ನ ಮುಂದಿಟ್ಟ. ಅವನ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಆ ಜಾಹೀರಾತು ನಮ್ಮ ಮನೆಯೊಳಗೆ ಏನು ಮಾಡಿತು ಎಂಬುದನ್ನು ಹೇಳಬೇಕು.

ನಾನು ಮದುವೆಯಾಗಿ ಜಯನಗರ ಒಂಬತ್ತನೇ ಬ್ಲಾಕಿಗೆ ಬಂದಾಗ ಮನೆಗೆ ಹಾಲು ನಡೆದುಕೊಂಡು ಬರುತ್ತಿತ್ತು. ಗೌಳಿ ತನ್ನ ಹಸುವನ್ನು ಹೊಡೆದುಕೊಂಡು ಬಂದು ಗೇಟಿನ ಮುಂದೆ ನಿಲ್ಲಿಸಿ ಕಣ್ಣೆದುರೇ ಕರೆದು ಕೊಡುತ್ತಿದ್ದ. ನಮ್ಮ ಅತ್ತೆಯವರು ಮೆಟ್ಟಿಲ ಮೇಲೆ ನಿಂತು, "ಮೊದಲು ಚೊಂಬು ಬೋರಲು ಹಾಕಿ ತೋರಿಸಪ್ಪ" ಎನ್ನುವರು. ಅವನು ನಗುತ್ತ ಚೊಂಬನ್ನು ತಲೆಕೆಳಗು ಮಾಡಿ ತೋರಿಸುವನು. ಅದರ ತಳದಲ್ಲಿ ನೀರಿಲ್ಲವೆಂಬುದು ಖಾತ್ರಿಯಾದ ಮೇಲೆಯೇ ಕೆಚ್ಚಲಿಗೆ ಕೈ. ಇದರಲ್ಲಿ ಅವಮಾನ ಮಾಡಿದೆನೆಂಬ ಭಾವ ಅತ್ತೆಯವರಿಗಾಗಲಿ, ಮಾಡಿಸಿಕೊಂಡೆನೆಂಬ ಭಾವ ಅವನಿಗಾಗಲಿ ಇದ್ದಂತೆ ಕಾಣಲಿಲ್ಲ. ದಿನವೂ ಅನುಮಾನಿಸುತ್ತಲೇ ಅವರಿಬ್ಬರೂ ಬಹಳ ವರ್ಷ ಸ್ನೇಹದಿಂದಿದ್ದರು.

ಇಷ್ಟಕ್ಕೂ ಹೊಸೂರು ರಸ್ತೆಯ ಬೆಂಗಳೂರು ಡೈರಿ ನಮ್ಮ ಮನೆಗೆ ದೂರವೇನಲ್ಲ. ಯುನಿಸೆಫ್ ನೆರವಿನಿಂದ ಎದ್ದ ಆ ಡೈರಿಯನ್ನು 1965ರಲ್ಲಿ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಲೋಕಾರ್ಪಣೆ ಮಾಡಿದ್ದರು. ಈಗ ಊರಿಗೆಲ್ಲ ಗೊತ್ತಿರುವ ಡೈರಿ ಸರ್ಕಲ್ಲಿಗೆ ಹೆಸರು ಬಂದದ್ದೇ ಅದರಿಂದ. ವಿಶ್ವಬ್ಯಾಂಕಿನ ನೆರವು ಪಡೆದ ದೇಶದ ಮೊದಲ ಹೈನುಗಾರಿಕೆ ಯೋಜನೆ 1974ರಲ್ಲಿ ನಮ್ಮ ರಾಜ್ಯದಲ್ಲಿ ಶುರುವಾಯಿತು. ಹಳ್ಳಿಹಳ್ಳಿಗಳಲ್ಲಿ ಹಾಲು ಉತ್ಪಾದಕರ ಸಹಕಾರ ಸಂಘಗಳು ಹುಟ್ಟಿದವು, 1984ರಲ್ಲಿ ಅವೆಲ್ಲಕ್ಕೂ ಮೇಲಿನ ಸಂಸ್ಥೆ ಕರ್ನಾಟಕ ಹಾಲು ಮಹಾಮಂಡಳವಾಯಿತು. ಇದೆಲ್ಲ ಸರಿಯೇ. ಆದರೆ ಅತ್ತೆಯವರ ಪಾಲಿಗೆ ಅದು "ಡೈರಿ ಹಾಲು". ಎಲ್ಲಿಯ ಹಸುವೋ, ಯಾರು ಕರೆದದ್ದೋ, ಎಂದಿನದೋ. ಕೆನೆಯೂ ಸರಿಯಾಗಿ ಕಟ್ಟದು. ಪ್ಯಾಕೆಟ್ಟನ್ನು ಬೋರಲು ಹಾಕಿ ನೋಡುವುದು ಹೇಗೆ? ನೆಂಟರು ಹೆಚ್ಚಾಗಿ ಬಂದ ದಿನ ಮಾತ್ರ ಬೂತಿನಿಂದ ತರುವುದು, ಅದೂ ಕಾಫಿಗಷ್ಟೇ, ದೇವರ ನೈವೇದ್ಯಕ್ಕಲ್ಲ ಎಂಬುದು ಮನೆಯ ಕಟ್ಟಳೆ.

ಬಡಾವಣೆ ಬೆಳೆಯುತ್ತ ಹಸುಗಳಿಗೆ ಜಾಗ ಇಲ್ಲದಾಯಿತು, ಗೌಳಿ ಬನಶಂಕರಿಯ ಆಚೆಗೆಲ್ಲೋ ಹೋದ. ಅತ್ತೆಯವರು ಗೊಣಗುತ್ತಲೇ ಪ್ಯಾಕೆಟ್ಟಿಗೆ ಒಗ್ಗಿಕೊಳ್ಳತೊಡಗಿದರು. ಆ ಗೊಣಗಾಟ ನಿಂತದ್ದು ರಾಜ್‌ಕುಮಾರರ ಜಾಹೀರಾತು ಬಂದ ಮೇಲೆ. ನನಗೆ ಈಗ ಮುಖ್ಯವೆನಿಸುವುದು, ಅವರನ್ನು ಒಪ್ಪಿಸಿದ್ದು ಪರದೆಯ ಮೇಲೆ ಕಂಡದ್ದಲ್ಲ ಎಂಬ ಸಂಗತಿ. ಜಾಹೀರಾತು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತಿತ್ತು, ಧಾರಾವಾಹಿಯ ನಡುವೆ ಅತ್ತೆಯವರು ಅಡುಗೆಮನೆಗೆ ಎದ್ದು ಹೋಗುವ ಹೊತ್ತೂ ಅದೇ ಆಗಿರುತ್ತಿತ್ತು. ಆದರೆ ಒಂದು ಮಧ್ಯಾಹ್ನ ಪಕ್ಕದ ಮನೆಯವರೊಡನೆ ಕಾಂಪೌಂಡಿನಾಚೆಗೆ ಮಾತಾಡಿ ಬಂದವರು, "ಅಣ್ಣಾವ್ರು ಒಂದು ಪೈಸೆ ತಗೊಂಡಿಲ್ವಂತೆ ಕಣೇ" ಎಂದರು. ಮುಂದಿನ ಸಂಕಷ್ಟಿಯ ಪಾಯಸಕ್ಕೆ ಡೈರಿ ಹಾಲೇ ಬಿತ್ತು.

ಜಾಹೀರಾತಿನ ನಿಜವಾದ ಬಲ ಇದ್ದದ್ದು ಜಾಹೀರಾತಿನಲ್ಲಿ ಇಲ್ಲದ ಆ ಸಂಗತಿಯಲ್ಲಿ. ಅದನ್ನು ಯಾವ ಏಜೆನ್ಸಿಯೂ ಬರೆಯಲಿಲ್ಲ, ಯಾವ ಚಾನೆಲ್ಲೂ ಅದಕ್ಕೆ ಸಮಯ ಮಾರಲಿಲ್ಲ. ಅದು ಕಾಂಪೌಂಡುಗಳ ಮೇಲಿಂದ, ಹಾಲಿನ ಬೂತಿನ ಮುಂದಿನ ಸಾಲಿನಿಂದ, ಬಿ.ಟಿ.ಎಸ್. ಬಸ್ಸಿನ ಸೀಟುಗಳಿಂದ ತಾನೇ ಹರಡಿತು. ಮತ್ತೆ ಆ ಮಾತಿಗೆ ಹಿನ್ನೆಲೆಯಾಗಿ ಒಂದು ಚಿತ್ರವೂ ಜನರ ಮನಸ್ಸಿನಲ್ಲಿ ಮೊದಲೇ ಇತ್ತು. 1972ರ 'ಬಂಗಾರದ ಮನುಷ್ಯ' ನೋಡಿ ಪೇಟೆ ಬಿಟ್ಟು ಹಳ್ಳಿಗೆ, ಬೇಸಾಯಕ್ಕೆ ಮರಳಿದವರಿದ್ದಾರೆ ಎಂಬ ಮಾತು ನಮ್ಮಲ್ಲಿ ಇಂದಿಗೂ ಓಡಾಡುತ್ತದೆ. ಟಿ.ಕೆ. ರಾಮರಾಯರ ಕಾದಂಬರಿಯ ರಾಜೀವಪ್ಪನನ್ನು ತೆರೆಗೆ ತಂದ ಮನುಷ್ಯನೇ ಬಂದು ರೈತರ ಹಾಲಿನ ಬಗ್ಗೆ ಹೇಳಿದರೆ ನಟ ಮಾತಾಡಿದಂತೆ ಕೇಳಿಸಲಿಲ್ಲ. ಮನೆಯ ಹಿರಿಯರು ಹೇಳಿದಂತಾಯಿತು. ಕಲೆಯೂ ಬದುಕೂ ಹೀಗೆ ಒಂದರ ಸಾಲವನ್ನು ಇನ್ನೊಂದು ತೀರಿಸುವುದು ಎಷ್ಟು ಸರಿ ಎಂಬ ಪ್ರಶ್ನೆ ಇದೆ. ಅದನ್ನು ಇಲ್ಲಿ ಎತ್ತಿಕೊಂಡರೆ ದಾರಿ ತಪ್ಪುತ್ತದೆ.

ನನ್ನ ಮನಸ್ಸಿನಲ್ಲಿ ಬೇರೂರಿದ್ದ ನಂಬಿಕೆ ಸರಳವಾಗಿತ್ತು: ಹಣ ಪಡೆದು ಆಡಿದ ಮಾತು ಅನುಮಾನಕ್ಕೆ ತಕ್ಕದ್ದು, ಹಣ ಪಡೆಯದೆ ಆಡಿದ್ದು ನಂಬಿಕೆಗೆ ತಕ್ಕದ್ದು. ಮಕ್ಕಳಿಗೆ ನಾನು ಹೇಳಿದ್ದೂ ಇದನ್ನೇ. ತಿರುವಿ ನೋಡಿದರೆ ಈ ನಂಬಿಕೆಗೆ ಎರಡೂ ಕಾಲಿಲ್ಲ. ವೈದ್ಯರು ಫೀಸು ಪಡೆದೇ ಕಾಯಿಲೆಯ ಹೆಸರು ಹೇಳುತ್ತಾರೆ, ನಾವು ನಂಬುತ್ತೇವೆ. ನಾನು ಸಂಬಳ ಪಡೆದೇ ಕನ್ನಡ ಕಲಿಸಿದೆ. ತಿಂಗಳ ಮೊದಲ ದಿನ ಕೈಗೆ ಬಂದ ದುಡ್ಡಿನಿಂದ ಪಂಪನ ಮೇಲಿನ ನನ್ನ ಮಾತು ಸುಳ್ಳಾಗಲಿಲ್ಲ. ಅತ್ತ ಕಡೆ, ಬಿಟ್ಟಿಯಾಗಿ ಸಿಕ್ಕ ಮಾತುಗಳು ಮಾಡಿದ ಹಾನಿಯೇನು ಕಡಿಮೆಯೇ? ಬಸವನಗುಡಿ, ಜಯನಗರ, ಬನಶಂಕರಿಯ ಎಷ್ಟು ಮನೆಗಳಲ್ಲಿ ನಿವೃತ್ತಿಯ ಹಣ ಮುಳುಗಿದ್ದು ಯಾವನೋ ದಲ್ಲಾಳಿಯ ಮಾತಿನಿಂದಲ್ಲ. ಒಂದು ರೂಪಾಯಿ ಕಮಿಷನ್ ಮುಟ್ಟದ ಭಾವನವರೋ, ದೇವಸ್ಥಾನದಲ್ಲಿ ಸಿಗುವ ಸ್ನೇಹಿತರೋ, "ನಾನೂ ಇಟ್ಟಿದ್ದೀನಿ, ನೀವೂ ಇಡಿ" ಎಂದದ್ದರಿಂದ. ಅವರು ಸುಳ್ಳು ಹೇಳಲಿಲ್ಲ. ಅವರಿಗೆ ಗೊತ್ತಿರಲಿಲ್ಲ, ಅಷ್ಟೆ. ನಿಸ್ವಾರ್ಥವೆಂಬುದು ಮನಸ್ಸಿನ ಗುಣ. ಅದು ವಿಷಯದ ತಿಳಿವಳಿಕೆಯ ಬದಲಿಗೆ ನಿಲ್ಲಲಾರದು.

ಹಾಗಾದರೆ ಸಂಭಾವನೆ ಬೇಡವೆಂದದ್ದರಿಂದ ಏನೂ ಆಗುವುದಿಲ್ಲವೇ? ಆಗುತ್ತದೆ ಎಂದೇ ನನಗನ್ನಿಸುತ್ತದೆ. ಆದರೆ ನಾನು ತಿಳಿದಿದ್ದ ರೀತಿಯಲ್ಲಲ್ಲ. ಹಣ ಪಡೆದವನ ಲೆಕ್ಕ ಹಣ ಪಡೆದ ದಿನವೇ ಚುಕ್ತಾ. ಒಪ್ಪಂದದ ಅವಧಿ ಮುಗಿದರೆ ಅವನು ಬೇರೆ ಕಂಪನಿಯ ಸೋಪನ್ನು ಹಿಡಿದು ನಿಲ್ಲಬಹುದು, ನಾವೂ ನಕ್ಕು ಸುಮ್ಮನಾಗುತ್ತೇವೆ. ಹಣ ಪಡೆಯದೆ ಮಾತು ಕೊಟ್ಟವನಿಗೆ ಹೀಗೆ ಬಿಡುಗಡೆಯಿಲ್ಲ. ಆ ಮಾತಿನ ಬೆಲೆ ಯಾರೂ ತೀರಿಸಿಲ್ಲವಾದ್ದರಿಂದ ಅದು ಎಲ್ಲರ ಮೇಲೂ ಬಾಕಿ ಉಳಿಯುತ್ತದೆ: ಡೈರಿಯ ಮೇಲೆ, ಕೇಳಿದವರ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಆಡಿದವನ ಮೇಲೆ. ಸಾವೂ ಅದನ್ನು ತೀರಿಸುವುದಿಲ್ಲ. ರಾಜ್‌ಕುಮಾರ್ 2006ರ ಏಪ್ರಿಲ್ 12ರಂದು ತೀರಿಕೊಂಡರು. 2021ರಲ್ಲಿ ಮಂಡ್ಯದ ಹಾಲು ಒಕ್ಕೂಟಕ್ಕೆ ಬರುತ್ತಿದ್ದ ಟ್ಯಾಂಕರುಗಳ ಹಾಲಿಗೆ ನೀರು ಬೆರೆಸುತ್ತಿದ್ದ ಜಾಲ ಬಯಲಾದಾಗ, ಪೇಪರು ಓದುತ್ತಿದ್ದ ನನಗೆ ಮೊದಲು ನೆನಪಾದದ್ದು ಅವರ ಮುಖ. ಬದುಕಿರುವವನು ತನ್ನ ಮಾತನ್ನು ಹಿಂದಕ್ಕೆ ಪಡೆಯಬಹುದು, ಸಿಟ್ಟಾಗಬಹುದು, ಕನಿಷ್ಠ ಕೇಳಬಹುದು. ಹೋದವರಿಗೆ ಆ ದಾರಿಯೂ ಇಲ್ಲ.

ಅಪ್ಪು ವಿಷಯದಲ್ಲಿ ನನ್ನ ಹಳೆಯ ನಂಬಿಕೆ ಇನ್ನಷ್ಟು ಅಲುಗಿತು. ಪುನೀತ್ ರಾಜ್‌ಕುಮಾರ್ ತಂದೆಯಂತೆಯೇ ನಂದಿನಿಗೆ ಹಣ ಪಡೆಯದೆ ರಾಯಭಾರಿಯಾದರು. ಆದರೆ ತಂದೆಗಿಂತ ಭಿನ್ನವಾಗಿ ಬೇರೆ ಕಂಪನಿಗಳ ಜಾಹೀರಾತುಗಳಲ್ಲೂ ನಟಿಸಿದರು, ಅದು ಅವರ ವೃತ್ತಿ. ಒಂದೇ ಸಂಜೆ, ಒಂದೇ ಪರದೆಯ ಮೇಲೆ, ಅದೇ ನಗು ಎರಡು ಬಗೆಯಲ್ಲಿ ಬರುತ್ತಿತ್ತು. ನನ್ನ ತರ್ಕದ ಪ್ರಕಾರ ಒಂದು ಇನ್ನೊಂದನ್ನು ಕೆಡಿಸಬೇಕಿತ್ತು. ಕೆಡಿಸಲಿಲ್ಲ. ಯಾವುದು ದುಡಿಮೆ, ಯಾವುದು ಸೇವೆ ಎಂಬುದನ್ನು ನೋಡುವವರು ಯಾರೂ ಹೇಳಿಕೊಡದೆಯೇ ಬೇರೆ ಮಾಡಿಕೊಂಡರು. ಎರಡಕ್ಕೂ ಅಪ್ಪುವನ್ನು ಮೆಚ್ಚಿದರು. ಟಿ.ವಿ. ಮುಂದೆ ಕೂತವರು ಮರುಳಾಗುತ್ತಾರೆ ಎಂಬ ನಮ್ಮಂಥ ಓದಿದವರ ಊಹೆಯಲ್ಲಿ ಎಷ್ಟು ಅಹಂಕಾರವಿದೆ! 2021ರ ಅಕ್ಟೋಬರ್ 29ರಂದು ಅವರು ಹೋದಾಗ, ತಂದೆಯಂತೆ ಅವರ ಕಣ್ಣುಗಳೂ ಬೇರೆಯವರಿಗೆ ಸಂದವು, ಅದನ್ನು ಕೇಳಿದ ಮೇಲೆ ನೇತ್ರದಾನಕ್ಕೆ ಹೆಸರು ಬರೆಸಲು ಜನ ಸಾಲುಗಟ್ಟಿದರು. ಅದಕ್ಕೂ ಯಾರೂ ಜಾಹೀರಾತು ಮಾಡಿರಲಿಲ್ಲ. 2023ರಲ್ಲಿ ಶಿವರಾಜ್‌ಕುಮಾರ್ ನಂದಿನಿಯ ರಾಯಭಾರಿಯಾದರು, ಅವರೂ ಹಣ ಪಡೆಯದೆ. ಇಲ್ಲಿ ಮಾತ್ರ ನನಗೊಂದು ಸಣ್ಣ ಮುಜುಗರ. ವಿಶ್ವಾಸವೂ ಮನೆತನದ ಆಸ್ತಿಯಂತೆ ಕೈಯಿಂದ ಕೈಗೆ ಹೋಗಬಹುದೇ? ಈ ಮನೆಯವರ ವಿಷಯದಲ್ಲಿ ಹೋಗಿದೆ, ಅದಕ್ಕೆ ತಕ್ಕಂತೆ ಅವರು ನಡೆದುಕೊಂಡಿದ್ದಾರೆ ಕೂಡ. ಆದರೂ ಅಪ್ಪನ ಹೆಸರಿನ ಮೇಲೆ ಮಗನನ್ನು ನಂಬುವ ಅಭ್ಯಾಸ ನಮ್ಮನ್ನು ಬೇರೆ ಕಡೆ, ಉದಾಹರಣೆಗೆ ಮತಗಟ್ಟೆಯಲ್ಲಿ, ಎಲ್ಲಿಗೆ ತಂದು ನಿಲ್ಲಿಸಿದೆ ಎಂಬುದನ್ನು ಬಲ್ಲವರು ಬಲ್ಲರು.

ಈಗ ಆ ಹುಡುಗನ ವಿಷಯ. ಇಂಜಿನಿಯರಿಂಗ್ ಓದಿ, ಕೆಲಕಾಲ ಐ.ಟಿ. ಕಂಪನಿಯಲ್ಲಿದ್ದು, ಕೆಲಸ ಬಿಟ್ಟು ಕನಕಪುರ ರಸ್ತೆಯ ಆಚೆ ಜಮೀನು ಮಾಡಿ ನಾಟಿ ಹಸು ಸಾಕಿದ್ದಾನೆ. ಗಾಜಿನ ಬಾಟಲಿಯಲ್ಲಿ ಹಾಲು ತುಂಬಿ ಜೆ.ಪಿ. ನಗರದ ಅಪಾರ್ಟ್‌ಮೆಂಟುಗಳಿಗೆ, ಜಯನಗರದ ಕೆಲವು ಮನೆಗಳಿಗೆ ಬೆಳಗಿನ ಜಾವ ಕಳಿಸುತ್ತಾನೆ. ಬೆಲೆ ನಂದಿನಿಯ ನೀಲಿ ಪ್ಯಾಕೆಟ್ಟಿನ ಎರಡರಷ್ಟಕ್ಕೂ ಮೇಲೆ. ನಮ್ಮ ಮನೆಗೂ ಬರುತ್ತದೆ, ಒಳ್ಳೆಯ ಹಾಲು. ಒಂದು ದಿನ ಫೋನು ಹಿಡಿದು ಬಂದ. "ಮಿಸ್, ಒಂದೇ ಒಂದು ನಿಮಿಷ ಮಾತಾಡಿ. ಜಯನಗರದಲ್ಲಿ ಅರ್ಧ ಮನೆಗಳಿಗೆ ನೀವೇ ಮಿಸ್. ನೀವು ಹೇಳಿದ್ರೆ ನಂಬ್ತಾರೆ." ಬದಲಿಗೆ ಒಂದಷ್ಟು ತಿಂಗಳ ಹಾಲು ಉಚಿತ ಎಂದ. ಮಾತಾಡಿದರೂ ನಾನು ಏನೂ ತೆಗೆದುಕೊಳ್ಳುವುದಿಲ್ಲ ಎಂದೆ. ಅವನ ಮುಖ ಅರಳಿತು. "ಅದು ಇನ್ನೂ ಚೆನ್ನಾಗಾಯ್ತು ಮಿಸ್! 'ಇವರು ಹಣ ಪಡೆದಿಲ್ಲ' ಅಂತ ಕೆಳಗೆ ಒಂದು ಲೈನ್ ಹಾಕ್ಬಹುದು. ಅಣ್ಣಾವ್ರ ಥರ."

ಅವನಲ್ಲಿ ಕಪಟವೇನೂ ಇರಲಿಲ್ಲ. ನಾನು ಹೇಳಿದ್ದ ಪಾಠವನ್ನು ಅವನು ಚೆನ್ನಾಗಿಯೇ ಕಲಿತಿದ್ದ. ಆದರೆ ಆ ಕ್ಷಣದಲ್ಲಿ ನನ್ನೊಳಗೆ ಏನೋ ಕುಸಿಯಿತು. ಸಂಭಾವನೆ ಬೇಡವೆನ್ನುವುದೇ ಸರಕಿನ ಒಂದು ಗುಣವಾಗಿಬಿಟ್ಟಿತಲ್ಲ! ಅಂದು ಕಾಂಪೌಂಡಿನ ಮೇಲಿಂದ ತಾನಾಗಿ ದಾಟಿ ಬಂದದ್ದನ್ನು ಪರದೆಯ ಕೆಳಗೆ ಅಕ್ಷರದಲ್ಲಿ ಹಾಕಿದರೆ ಅದು ಅದೇ ಆಗಿ ಉಳಿಯುವುದೇ? ನಾನು ಯೋಚಿಸಬೇಕು, ಮೊದಲು ನಿನ್ನ ಕೊಟ್ಟಿಗೆ ನೋಡಬೇಕು ಎಂದೆ. ಅದಕ್ಕವನು ಸಹಜವಾಗಿ, ನನ್ನನ್ನು ಕೆಣಕುವ ಯಾವ ಉದ್ದೇಶವೂ ಇಲ್ಲದೆ, ಕೇಳಿದ: "ಬನ್ನಿ ಮಿಸ್, ಅದಕ್ಕೇನು. ಆದ್ರೆ ರಾಜ್‌ಕುಮಾರ್ ಡೈರಿ ಪೂರ್ತಿ ನೋಡಿ ಬಂದಾ ಹೇಳಿದ್ದು?"

ಈ ಪ್ರಶ್ನೆಯನ್ನು ನಾನು ಯಾವತ್ತೂ ಕೇಳಿಕೊಂಡಿರಲಿಲ್ಲ. ನೋಡಿಯೇ ಇದ್ದರೂ ಏನು ನೋಡಿಯಾರು? ಸಾವಿರಾರು ಹಳ್ಳಿಗಳ ಲಕ್ಷಾಂತರ ಕೊಟ್ಟಿಗೆಗಳನ್ನು ಒಬ್ಬ ಮನುಷ್ಯ ನೋಡಿ ಮುಗಿಸಲಾರ. ತಿಳಿದು ಆಡಿದ ಮಾತು ಮಾತ್ರ ನಂಬಲರ್ಹ ಎನ್ನುವುದಾದರೆ ಅಣ್ಣಾವ್ರ ಮಾತೂ ನಮ್ಮ ಭಾವನವರ ಮಾತೂ ಒಂದೇ ಆಯಿತು. ಹಾಗಲ್ಲವೆಂದು ಮನಸ್ಸು ಹೇಳುತ್ತಿತ್ತು, ಏಕೆ ಎಂದು ಹೇಳಲು ಬರುತ್ತಿರಲಿಲ್ಲ.

ಉತ್ತರದಂಥದ್ದೊಂದು ಸಿಕ್ಕಿದ್ದು ಮಾಗಡಿ ಕಡೆಯ ನನ್ನ ತವರಿನಲ್ಲಿ, ತಮ್ಮನ ಜೊತೆ ಬೆಳಿಗ್ಗೆ "ಡೈರಿಗೆ ಹಾಲು ಹಾಕಲು" ಹೋದಾಗ. ಸಂಘದ ಕಟ್ಟಡವೆಂದರೆ ಒಂದು ಕೋಣೆ, ಮುಂದೊಂದು ಜಗಲಿ. ಸ್ಟೀಲ್ ಕ್ಯಾನು, ಬಿಂದಿಗೆ, ಪ್ಲಾಸ್ಟಿಕ್ ಡಬ್ಬಿಗಳ ಸಾಲು. ಕಾರ್ಯದರ್ಶಿ ಒಬ್ಬೊಬ್ಬರ ಹಾಲಿನಿಂದಲೂ ಸ್ವಲ್ಪ ತೆಗೆದು ಯಂತ್ರಕ್ಕೆ ಹಿಡಿದು ಫ್ಯಾಟು, ಡಿಗ್ರಿ ಎಷ್ಟೆಂದು ಎಲ್ಲರಿಗೂ ಕೇಳುವಂತೆ ಕೂಗುತ್ತಾನೆ, ಚೀಟಿ ಹರಿದು ಕೊಡುತ್ತಾನೆ. ಬಟವಾಡೆಯ ದಿನ ದುಡ್ಡು ಆ ಅಂಕಿಯ ಮೇಲೆಯೇ. ನಾನಿದ್ದಾಗ ವಯಸ್ಸಾದ ಹೆಂಗಸೊಬ್ಬರು ಚೀಟಿ ನೋಡಿ ಅಲ್ಲಿಂದ ಕದಲಲಿಲ್ಲ. "ನಿನ್ನೆ ನಾಕು ಬಂದಿತ್ತು, ಇವತ್ತು ಮೂರೂವರೆ ಹೆಂಗಾಯ್ತದೆ? ಅದೇ ಹಸ, ಅದೇ ಬೂಸಾ. ಇನ್ನೊಂದ್ ಸಲ ನೋಡು." ಹಿಂದೆ ನಿಂತವರು ಬೇಸರಿಸಲಿಲ್ಲ, ತಾವೂ ಕತ್ತು ಚಾಚಿ ನೋಡಿದರು. ಅವನು ಇನ್ನೊಮ್ಮೆ ನೋಡಿದ. ಮೂರೂವರೆಯೇ ಬಂತು. ಆಕೆ, "ಹೂಂ, ಬರ್ಕೊ" ಎಂದು ಖಾಲಿ ಬಿಂದಿಗೆ ಎತ್ತಿಕೊಂಡು ಹೋದರು.

ಅತ್ತೆಯವರು ಚೊಂಬು ಬೋರಲು ಹಾಕಿಸುತ್ತಿದ್ದದ್ದೇ ಇಲ್ಲಿ ಬೇರೊಂದು ರೂಪದಲ್ಲಿ, ಪ್ರತಿದಿನ ಎರಡು ಹೊತ್ತು, ನಡೆಯುತ್ತಿತ್ತು. ಅಣ್ಣಾವ್ರು ಸಾಕ್ಷಿ ಹೇಳಿದ್ದು ತಾವು ಪರೀಕ್ಷಿಸಿದ ಹಾಲಿಗಲ್ಲ. 20 ಲಕ್ಷಕ್ಕೂ ಹೆಚ್ಚು ಸದಸ್ಯರು ಒಬ್ಬರ ಮೇಲೊಬ್ಬರು ಕಣ್ಣಿಟ್ಟು ನಡೆಸುವ, ಹಾಕುವವರೇ ಒಡೆಯರೂ ಆಗಿರುವ ಒಂದು ವ್ಯವಸ್ಥೆಗೆ ಅವರು ತಮ್ಮ ಹೆಸರನ್ನು ಸೇರಿಸಿದರು. ಆ ಕಣ್ಣುಗಳು ಇಲ್ಲದಿದ್ದರೆ ಅವರ ಒಳ್ಳೆಯತನ ನಮ್ಮನ್ನು ಕಾಯುತ್ತಿರಲಿಲ್ಲ. ಆ ಹೆಸರು ಇಲ್ಲದಿದ್ದರೆ, ಆ ಕಣ್ಣುಗಳು ಅಲ್ಲಿವೆ ಎಂಬುದು ಜಯನಗರದ ಅಡುಗೆಮನೆಗೆ ತಿಳಿಯುತ್ತಿರಲಿಲ್ಲ. ಕಣ್ಣು ತಪ್ಪಿಸಿ ಟ್ಯಾಂಕರಿಗೆ ನೀರು ಬೆರೆಸುವವರೂ ಇದ್ದಾರೆ, ಒಕ್ಕೂಟಗಳ ಗದ್ದುಗೆಗಾಗಿ ನಡೆಯುವ ರಾಜಕೀಯವೂ ಇದೆ. ಹೆಸರು ಅವನ್ನೆಲ್ಲ ಮುಚ್ಚುವ ಹೊದಿಕೆಯಾದಾಗ ಆ ಜಾಹೀರಾತಿನ ಅರ್ಥವೇ ತಿರುಗುಮುರುಗಾಗುತ್ತದೆ.

ಗುಜರಾತಿನಲ್ಲಿ ಇದೇ ಕೆಲಸ ಇನ್ನೊಂದು ಬಗೆಯಲ್ಲಿ ನಡೆದಿತ್ತು. ಅಲ್ಲಿಯ 5 ಲಕ್ಷ ಹಾಲು ಉತ್ಪಾದಕರು ತಲೆಗೆ 2 ರೂಪಾಯಿ ಹಾಕಿ 1976ರಲ್ಲಿ 'ಮಂಥನ್' ಚಿತ್ರ ಮಾಡಿಸಿದರು. ಶ್ಯಾಮ್ ಬೆನೆಗಲ್ ಅದರ ನಿರ್ದೇಶಕರು. ಅದರಲ್ಲಿ ಹಳ್ಳಿಗೆ ಬಂದು ಸಂಘ ಕಟ್ಟುವ ಪಶುವೈದ್ಯನ ಪಾತ್ರ ಮಾಡಿದವರು, ಮುಂದೆ ಬಹುಕಾಲ ಜೆ.ಪಿ. ನಗರದಲ್ಲಿ ಮನೆ ಮಾಡಿಕೊಂಡಿದ್ದ ಗಿರೀಶ ಕಾರ್ನಾಡರು. ಅದೇ ಚಿತ್ರದ ಹಾಡು ವರ್ಷಗಳ ನಂತರ ಅಮುಲ್‌ನ ಟಿ.ವಿ. ಜಾಹೀರಾತಿಗೆ ಬಂತು. ಅಲ್ಲಿ ಸಾಕ್ಷಿ ಹೇಳಿದವರು ಹಾಲು ಹಾಕುವವರೇ, ತಮ್ಮದೇ ದುಡ್ಡಿನಲ್ಲಿ. ಇಲ್ಲಿ ಸಾಕ್ಷಿ ಹೇಳಿದವರು ಒಬ್ಬ ಕಲಾವಿದರು, ದುಡ್ಡಿಲ್ಲದೆ. ಯಾವುದು ಮೇಲು ಎಂದು ತೂಗುವುದು ನನಗೆ ಬೇಕಿಲ್ಲ. ಎರಡರಲ್ಲೂ ಹಳ್ಳಿಯ ಆ ಜಗಲಿ ಇದೆ.

ಆದ್ದರಿಂದಲೇ 2023ರ ಏಪ್ರಿಲ್ಲಿನಲ್ಲಿ ಅಮುಲ್ ಬೆಂಗಳೂರಿನಲ್ಲಿ ಹಾಲು, ಮೊಸರು ಮಾರುವುದಾಗಿ ಹೇಳಿ ಗದ್ದಲವೆದ್ದಾಗ ನಾನು ಯಾವ ಕಡೆ ನಿಲ್ಲಬೇಕೆಂದು ಸ್ವಲ್ಪ ತಡವರಿಸಿದೆ. ನಂದಿನಿ ಉಳಿಸಿ ಎಂಬ ಕೂಗಿನಲ್ಲಿ ನ್ಯಾಯವಿತ್ತು. ಹೋಟೆಲಿನವರ ಸಂಘ ನಂದಿನಿಯನ್ನೇ ಬಳಸಿ ಎಂದು ಕರೆ ಕೊಟ್ಟದ್ದೂ ಮೆಚ್ಚುಗೆಯಾಯಿತು. ಆದರೆ ಆ ದಿನಗಳಲ್ಲಿ ಫೋನಿನಲ್ಲಿ ಹರಿದಾಡಿದ್ದರಲ್ಲಿ ಅಣ್ಣಾವ್ರ, ಅಪ್ಪುವಿನ ಚಿತ್ರಗಳು ಬಹಳ; ಹಾಲು ಹಾಕುವವರಿಗೆ ಲೀಟರಿಗೆ ಏನು ಸಿಗುತ್ತದೆ ಎಂಬ ಮಾತು ವಿರಳ. ಹಾಲು ನಮ್ಮ ಅಭಿಮಾನವಾದಷ್ಟೂ ಹಾಲು ಕರೆಯುವವರು ದೂರ ಸರಿದರೋ ಎನಿಸಿತು. (ನಮ್ಮ ಫ್ರಿಜ್ಜಿನಲ್ಲಿ ಅಂದೂ ಅಮುಲ್ ಬೆಣ್ಣೆ ಇತ್ತು, ಹೋರಾಟಕ್ಕೆ ಸಹಿ ಹಾಕಿದ ಅನೇಕರ ಮನೆಗಳಲ್ಲೂ ಇದ್ದಿರಬೇಕು.) ಅದೇ ಜನ, 2025ರ ಏಪ್ರಿಲ್ 1ರಿಂದ ಲೀಟರಿಗೆ 4 ರೂಪಾಯಿ ಏರಿ, ಹಿಂದಿನ ವರ್ಷ ಪ್ಯಾಕೆಟ್ಟಿಗೆ ಸೇರಿಸಿದ್ದ 50 ಮಿ.ಲೀ. ಹೋದಾಗ ಬೂತಿನ ಮುಂದೆ ನಂದಿನಿಯನ್ನು ಬೈದರು. ಏರಿಸಿದ್ದು ರೈತರಿಗೆ ಕೊಡಲು ಎಂದು ಸರ್ಕಾರ ಹೇಳಿತ್ತು. ಅದು ಪೂರ್ತಿ ಅವರ ಕೈ ಸೇರಿತೇ ಎಂದು ಕೇಳಿದ್ದರೆ ಅದು ಆ ಬಿಂದಿಗೆಯ ಹೆಂಗಸು ಕೇಳಿದಂಥ ಪ್ರಶ್ನೆಯಾಗುತ್ತಿತ್ತು. ಚಿತ್ರ ಬಿಡುಗಡೆಯ ದಿನ ಕಟೌಟಿನ ಮೇಲೆ ಸುರಿಯುವ ಹಾಲಿನ ಬಗ್ಗೆ ನಾನು ಹೆಚ್ಚು ಹೇಳಲಾರೆ. ಅಭಿಮಾನಿಗಳನ್ನು ದೇವರು ಎಂದು ಕರೆದ ಮನುಷ್ಯನ ನಾಡಿನಲ್ಲಿ ದೇವರುಗಳು ಯಾರಿಗೆ ಅಭಿಷೇಕ ಮಾಡಬೇಕು ಎಂದು ಹೇಳಲು ನಾನು ಯಾರು?

ಹುಡುಗನ ಕೊಟ್ಟಿಗೆಗೆ ಹೋದೆ. ಚೊಕ್ಕಟವಾಗಿತ್ತು. ಹಸುಗಳು ಸೊಗಸಾಗಿದ್ದವು, ಕರುಗಳಿಗೂ ಹೊಟ್ಟೆ ತುಂಬ ಬಿಡುತ್ತಿದ್ದರು. ಬಾಟಲಿಯ ಮೇಲೆ ಎ2 ಹಾಲು ಎಂದು ಬರೆದಿತ್ತು, ಅದರ ಆರೋಗ್ಯದ ಗುಣಗಳ ಪಟ್ಟಿ ಬೇರೆ. ಹಾಲಿನ ಒಂದು ಪ್ರೋಟೀನಿನ ಸರಪಳಿಯಲ್ಲಿ 67ನೆಯ ಜಾಗದಲ್ಲಿ ಯಾವ ಅಮೈನೊ ಆಮ್ಲ ಕೂತಿದೆ ಎಂಬುದರ ಮೇಲೆ ಎ1, ಎ2 ಎಂಬ ಭೇದ. ಆಹಾರ ಸುರಕ್ಷತಾ ಪ್ರಾಧಿಕಾರ 2024ರ ಆಗಸ್ಟಿನಲ್ಲಿ ಇಂಥ ಬರಹವನ್ನು ತೆಗೆಯಿರಿ ಎಂದು ಆದೇಶಿಸಿ, ಕೆಲವೇ ದಿನಗಳಲ್ಲಿ ಆದೇಶವನ್ನೇ ಹಿಂದಕ್ಕೆ ಪಡೆದಿತ್ತು. ಬಲ್ಲವರೇ ಹೀಗಿರುವಾಗ ವ್ಯಾಕರಣ ಕಲಿಸಿದ ನಾನು ಹೇಳುವುದೇನು? ಅವನ ಫೋನಿನ ಮುಂದೆ ಕಂಡದ್ದನ್ನು ಹೇಳಿದೆ: ಕೊಟ್ಟಿಗೆ ಶುಚಿಯಾಗಿದೆ, ಹಾಲು ರುಚಿಯಾಗಿದೆ, ಇದರಿಂದ ರೋಗ ಗುಣವಾಗುತ್ತದೆಯೋ ಇಲ್ಲವೋ ನನಗೆ ಗೊತ್ತಿಲ್ಲ, ಬೆಲೆ ಹೆಚ್ಚು. ರಾತ್ರಿ ಅವನು ಕಳಿಸಿದ ವಿಡಿಯೊದಲ್ಲಿ ನಾನು "ರುಚಿಯಾಗಿದೆ" ಎಂಬಲ್ಲಿಗೆ ನಿಂತಿದ್ದೆ, ಕೆಳಗೆ ಹಣ ಪಡೆದಿಲ್ಲ ಎಂಬ ಸಾಲು ಓಡುತ್ತಿತ್ತು.

ಹಾಕಿದರೆ ಪೂರ್ತಿ ಹಾಕು, ಇಲ್ಲವೆ ಬಿಡು ಎಂದೆ. "ಮಿಸ್, ಗೊತ್ತಿಲ್ಲ ಅಂತ ಯಾರಾದ್ರೂ ಆ್ಯಡಲ್ಲಿ ಹೇಳ್ತಾರಾ?" ಎಂದು ಸ್ವಲ್ಪ ನೊಂದುಕೊಂಡ. ನಾನು ಮಾಗಡಿಯಲ್ಲಿ ನೋಡಿದ್ದನ್ನು ಹೇಳಿದೆ. ಕೇಳಿಸಿಕೊಂಡ, ಒಪ್ಪಿದನೋ ಇಲ್ಲವೋ ತಿಳಿಯಲಿಲ್ಲ. ವಿಡಿಯೊ ಹಾಕಲಿಲ್ಲ. ಕೆಲವು ವಾರಗಳ ಮೇಲೆ, ಬೇಕಾದವರು ತಿಂಗಳಿಗೊಂದು ಭಾನುವಾರ ಬಂದು ಹಾಲು ಕರೆಯುವುದನ್ನು ನೋಡಬಹುದು ಎಂದು ಗಿರಾಕಿಗಳ ಗ್ರೂಪಿನಲ್ಲಿ ಬರೆದಿದ್ದ. ಮೊದಲ ಭಾನುವಾರ ಹೋದವರಲ್ಲಿ ಹೆಚ್ಚಿನವರು ಮಕ್ಕಳಿಗೆ ಕರು ತೋರಿಸಲು ಹೋದವರಂತೆ. ಏಳನೇ ಬ್ಲಾಕಿನ ನಿವೃತ್ತರೊಬ್ಬರು ಮಾತ್ರ ಚೀಲದಲ್ಲಿ ಲ್ಯಾಕ್ಟೋಮೀಟರು ತಂದಿದ್ದರಂತೆ.

"ಆ ಅಂಕಲ್ ಎಲ್ಲರ ಮುಂದೆ ಡಿಗ್ರಿ ನೋಡಿದ್ರು ಮಿಸ್" ಎಂದು ಹುಡುಗ ಫೋನಿನಲ್ಲಿ ದೂರಿದ.

ಎಷ್ಟು ಬಂತು ಎಂದೆ.

"ಇಪ್ಪತ್ತೊಂಬತ್ತು" ಎಂದವನು, ತಡೆದು, "ಇನ್ನೊಂದು ಸಲಾನೂ ನೋಡಿದ್ರು. ಇಪ್ಪತ್ತೊಂಬತ್ತೇ" ಎಂದ.